ಮೊದ್ಲು ಸದ್ದಿನ ಲೆಕ್ಕ, ಆಮೇಲೆ ವೇಗದ್ದು

ಮಕ್ಕಳಿಗೆ ಗೇಮಿಂಗ್ ಕಂಪ್ಯೂಟರ್ ಕೊಡಿಸ್ಬೇಕು ಅಂತಿರೋ ಅಪ್ಪ-ಅಮ್ಮಂದಿರಿಗೆ ಒಂದು ಮಾತು. ಅಂಗಡೀಲಿ ಎಲ್ರೂ ಕೇಳೋದು "ಬಜೆಟ್ ಎಷ್ಟು, ಯಾವ ಗೇಮು" ಅಂತ. "ಮನೇಲಿ ಯಾರ್ಯಾರು ಎಲ್ಲೆಲ್ಲಿ ಮಲಗ್ತೀರಿ" ಅಂತ ಯಾರೂ ಕೇಳಲ್ಲ. ಕೇಳ್ಬೇಕಾದ ಮೊದಲನೇ ಪ್ರಶ್ನೆ ಅದು ಅಂತ ನಮಗೆ ಗೊತ್ತಾಗಿದ್ದು ತಡವಾಗಿ.

ಚನ್ನರಾಯಪಟ್ಟಣದಲ್ಲಿ ನಮ್ಮದು ಹಳೇ ಮನೆ. ನಡುಮನೇಲಿ ಅತ್ತೆ ಮಲಗ್ತಾರೆ. ಅದಕ್ಕೆ ಅಂಟಿಕೊಂಡಿರೋ ಸಣ್ಣ ರೂಮು ಮಗನದು. ನಮ್ಮದು ಆ ಕಡೆ ಕೊನೇ ರೂಮು, ಬಚ್ಚಲು ಹಿತ್ತಲ ಕಡೆ. ಮಗ ಬೆಳಿಗ್ಗೆ ಕೆಲಸಕ್ಕೆ ಹೋಗಿ ಬಂದು, ರಾತ್ರಿ ಹತ್ತರ ಮೇಲೆ ಆಟ ಆಡ್ಕೊಂಡು ಕನ್ನಡದಲ್ಲೇ ಮಾತಾಡ್ತಾ ಯೂಟ್ಯೂಬಲ್ಲಿ ಲೈವ್ ಬಿಡ್ತಾನೆ. ನೋಡೋರು ಹದಿನೈದೋ ಇಪ್ಪತ್ತೋ ಜನ. ಅವನಿಗೆ ಅದೇ ಒಂದು ಜಾತ್ರೆ.

ಅವನ ಹಳೇ ಕಂಪ್ಯೂಟರು ಮುಂದೆ ಗಾಜು, ಒಳಗೆ ಬಣ್ಣಬಣ್ಣದ ಫ್ಯಾನು. ನೋಡೋಕೆ ಗಣೇಶನ ಪೆಂಡಾಲ್ ಇದ್ದಂಗಿತ್ತು. ಆಟ ಶುರು ಆದ್ರೆ ಸಾಕು, ಭರ್ರೋ ಅಂತ ಹೊಡ್ಕೊಳ್ಳೋದು. "ರಾಗಿ ಮಿಲ್ಲು ಶುರುವಾಯ್ತು" ಅಂತ ನಾವು ನಗಾಡ್ಕೊಂಡು ಮಲಗೋವು.

ಹೋದ ಕಾರ್ತೀಕದಲ್ಲಿ ಒಂದು ರಾತ್ರಿ ಅತ್ತೆ ಬಚ್ಚಲಿಗೆ ಎದ್ದೋರು ಹೊಸಲಲ್ಲಿ ಎಡವಿ ಬಿದ್ರು. ಕೂಗಿದಾರೆ. ಮಗನ ಕಿವೀಲಿ ಹೆಡ್‌ಫೋನು, ಕಾಲ ಹತ್ರ ಆ ಮಿಲ್ಲು. ನನಗೂ ಆ ಸದ್ದೇ ಜೋಗುಳ ಆಗೋಗಿತ್ತು. ಅವನು ನೀರು ಕುಡಿಯೋಕೆ ಅಂತ ಎದ್ದು ಬಂದಾಗ ಅಜ್ಜಿ ಗೋಡೆಗೆ ಒರಗಿ ನೆಲದ ಮೇಲೆ ಕೂತವ್ರೆ. ಅರ್ಧ ಗಂಟೆ ಆಗಿತ್ತಂತೆ. ಮೂಳೆ ಮುರಿದಿರಲಿಲ್ಲ, ದೇವರು ದೊಡ್ಡೋನು. "ಕೂಗಿ ಕೂಗಿ ಸಾಕಾಯ್ತು ಮಗಾ, ಆಮ್ಯಾಕೆ ಸುಮ್ಕೆ ಕುಂತ್ಕಂಡೆ" ಅಂದ್ರು ಅತ್ತೆ. ಆ ಮಾತಿಗೆ ಮಗ ಮೂರು ದಿನ ಕಂಪ್ಯೂಟರ್ ಮುಟ್ಟಲಿಲ್ಲ.

ಆಟ ಬಿಡು ಅಂತ ನಾನು ಹೇಳಲಿಲ್ಲ. ದುಡಿಯೋ ಹುಡುಗ, ದಿನಕ್ಕೆ ಎರಡು ಗಂಟೆ ಅವನಿಗೂ ಒಂದು ಸಂತೋಷ ಬೇಡ್ವಾ? ಆದ್ರೆ ಸದ್ದಿಲ್ಲದ ಕಂಪ್ಯೂಟರ್ ಬೇಕು ಅಂತ ಹಟ ಹಿಡಿದೆ. ನಮ್ಮ ಮನೆಯೋರು, "ತಲೆ ಮೇಲೆ ದಿನಾ ವಿಮಾನ ಹಾರ್ತವೆ, ಈ ಡಬ್ಬಿ ಸದ್ದು ನಿನಗೆ ದೊಡ್ಡದಾ?" ಅಂದ್ರು. ನಿಜ, 2008ರಲ್ಲಿ ದೇವನಹಳ್ಳಿ ಏರ್‌ಪೋರ್ಟ್ ಶುರುವಾದ ಮೇಲೆ ಆಕಾಶ ಸುಮ್ಮನಿದ್ದ ದಿನ ಇಲ್ಲ. ಆದ್ರೆ ವಿಮಾನ ಬತ್ತದೆ, ಹೋಗ್ತದೆ. ಅದು ಹೋದ ಮೇಲೆ ಮನೆ ಮತ್ತೆ ಕೇಳಿಸ್ತದೆ. ಬಿಡದೆ ಒಂದೇ ಸಮ ಹೊಡ್ಕೊಳ್ಳೋ ಸದ್ದು ಹಂಗಲ್ಲ, ಅದು ಕೆಮ್ಮು, ನರಳಾಟ, ಬಾಗಿಲು ಬಡಿಯೋದು ಎಲ್ಲಾನೂ ನುಂಗಿಬಿಡ್ತದೆ.

"ಹೆಡ್‌ಫೋನ್ ಹಾಕ್ಕೊಂಡ್ರೆ ಆಯ್ತಲ್ಲ" ಅನ್ನೋರೂ ಇದಾರೆ. ಹೆಡ್‌ಫೋನು ಆಟದ ಸದ್ದನ್ನ ನಮ್ಮಿಂದ ಮುಚ್ತದೆ, ಸರಿ. ನಮ್ಮ ಸದ್ದನ್ನೂ ಅವನಿಂದ ಮುಚ್ತದಲ್ಲ? ಸದ್ದಿಲ್ಲದ ಕಂಪ್ಯೂಟರ್ ಬೇಕಾಗಿರೋದು ನಮ್ಮ ನಿದ್ದೆಗಿಂತ ಹೆಚ್ಚಾಗಿ ಅವನಿಗೆ ಮನೆ ಕೇಳಿಸ್ಲಿ ಅಂತ.

ಆಮೇಲೆ ಅವನೂ ನಾನೂ ಕೂತು ಕಲಿತೋ. ಕಲಿತಿದ್ದರಲ್ಲಿ ಮೊದಲನೇದು: ಸದ್ದು ಹುಟ್ಟೋದು ಬಿಸಿಯಿಂದ. ಚಿಪ್ಪು ಎಷ್ಟು ಕರೆಂಟು ತಿಂತದೋ ಅಷ್ಟು ಬಿಸಿ, ಎಷ್ಟು ಬಿಸಿಯೋ ಅಷ್ಟು ಫ್ಯಾನು. ಹಾಗಾಗಿ ಸೈಲೆಂಟ್ ಫ್ಯಾನ್ ಹುಡುಕೋದು ಎರಡನೇ ಕೆಲಸ. ಮೊದಲನೇದು ಕಮ್ಮಿ ವ್ಯಾಟಿನ ಸಾಮಾನು ಆರಿಸೋದು. ಪ್ರೊಸೆಸರಲ್ಲಿ ರೈಜೆನ್ 5 7600 ಅಂತ ಒಂದೈತೆ, 65 ವ್ಯಾಟಿನದು. ಅದರ ಅಣ್ಣ 7600ಎಕ್ಸ್ 105 ವ್ಯಾಟು. ಇಬ್ಬರಿಗೂ ಆರಾರು ಕೋರು, ಆಟದಲ್ಲಿ ಕಣ್ಣಿಗೆ ಕಾಣೋ ವ್ಯತ್ಯಾಸ ಕಮ್ಮಿ. ತಮ್ಮನ್ನ ತಂದೋ.

ಗ್ರಾಫಿಕ್ಸ್ ಕಾರ್ಡಲ್ಲೂ ಇದೇ ಲೆಕ್ಕ. ಆರ್‌ಟಿಎಕ್ಸ್ 5060 ಅನ್ನೋದು 145 ವ್ಯಾಟು, 5070 ಅನ್ನೋದು 250 ವ್ಯಾಟು. ಮಗನಿಗೆ ದೊಡ್ಡದರ ಮೇಲೇ ಕಣ್ಣು. "ಲೈವ್ ಬಿಡೋದು 60 ಫ್ರೇಮಲ್ಲಿ ತಾನೆ, 140 ಫ್ರೇಮ್ ಓಡ್ಸಿ ಯಾರಿಗೆ ತೋರಿಸ್ತೀಯ?" ಅಂದೆ. ಸುಮ್ಮನಾದ. ಲೈವ್ ವೀಡಿಯೋನ ಕುಗ್ಗಿಸಿ ಕಳಿಸೋಕೆ ಈ ಕಾರ್ಡುಗಳ ಒಳಗೇ ಬೇರೆ ಭಾಗ ಐತೆ, ಎನ್‌ವೆಂಕ್ ಅಂತಾರೆ. ಆ ಹೊರೆ ಪ್ರೊಸೆಸರ್ ತಲೆ ಮೇಲೆ ಬೀಳಲ್ಲ. ಹಾಗಾಗಿ ಲೈವ್ ಬಿಡೋಕೆ ಅಂತ ಭಾರಿ ಪ್ರೊಸೆಸರ್ ಬೇಕಾಗಿಲ್ಲ. ಕಾರ್ಡ್ ಕೊಳ್ಳುವಾಗ ಹಗುರ ಕೆಲಸಕ್ಕೆ ಫ್ಯಾನು ಪೂರ್ತಿ ನಿಂತುಬಿಡೋ ಅಂಥದ್ದನ್ನ ಕೇಳಿ ತಗೊಳ್ಳಿ. ಆಟದ ಸೆಟ್ಟಿಂಗಲ್ಲಿ 60 ಫ್ರೇಮಿಗೆ ಮಿತಿ ಹಾಕಿದ್ರೆ ಬಿಸಿ ಇನ್ನೂ ಇಳೀತದೆ. ಅದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಎರಡನೇದು ಫ್ಯಾನು. ರಾಗಿ ತೂರೋರನ್ನ ನೋಡಿದೀರಲ್ಲ, ದೊಡ್ಡ ಮೊರ ಹಿಡಿದೋರು ನಿಧಾನಕ್ಕೆ ಬೀಸ್ತಾರೆ, ಸಣ್ಣ ಮೊರದೋರು ಪಟಪಟ ಬೀಸ್ಬೇಕು. ಇಲ್ಲೂ ಹಂಗೇ. 140 ಮಿಲಿಮೀಟರ್ ಫ್ಯಾನು ನಿಧಾನಕ್ಕೆ ತಿರುಗಿ, ಸಣ್ಣದು ಜೋರಾಗಿ ತಿರುಗಿ ಕೊಡೋಷ್ಟೇ ಗಾಳಿ ಕೊಡ್ತದೆ. ಒಂದು ಫ್ಯಾನಿನ ವೇಗ ಅರ್ಧ ಮಾಡಿದ್ರೆ ಸದ್ದು ಸುಮಾರು 15 ಡೆಸಿಬಲ್ ಇಳೀತದೆ. 10 ಡೆಸಿಬಲ್ ಇಳಿದ್ರೇನೇ ನಮ್ಮ ಕಿವಿಗೆ ಸದ್ದು ಅರ್ಧ ಆದಂಗೆ. ಅದೇ ಎರಡು ಫ್ಯಾನಿದ್ದ ಕಡೆ ಒಂದು ತೆಗೆದ್ರೆ ಇಳಿಯೋದು ಬರೀ 3 ಡೆಸಿಬಲ್. ಅಂದ್ರೆ ಫ್ಯಾನ್ ಎಣಿಸ್ಬೇಡಿ, ಎಲ್ಲವನ್ನೂ ನಿಧಾನ ಮಾಡಿ.

ಪ್ರೊಸೆಸರ್ ಮೇಲೆ ಡಬ್ಬದಲ್ಲೇ ಬರೋ ಸಣ್ಣ ಕೂಲರ್ ಬದಲು ಗೋಪುರದಂಥ ದೊಡ್ಡ ಕೂಲರ್ ಹಾಕ್ಸಿ. ನೀರಿನ ಕೂಲರ್ ಚೆನ್ನಾಗಿ ಕಾಣ್ತದೆ, ಆದ್ರೆ ಅದರ ಪಂಪು ಆಟ ಇದ್ರೂ ಇಲ್ದಿದ್ರೂ ಓಡ್ತಾನೇ ಇರ್ತದೆ. 65 ವ್ಯಾಟಿನ ಪ್ರೊಸೆಸರ್‌ಗೆ ಅದು ಬೇಕಾಗಿಲ್ಲ. ಪವರ್ ಸಪ್ಲೈ 650 ವ್ಯಾಟಿಂದು, 80 ಪ್ಲಸ್ ಗೋಲ್ಡ್ ಗುರುತಿಂದು ತಂದೋ. ಅರ್ಧ ಹೊರೇಲಿ ಓಡ್ತದೆ, ಬಿಸಿ ಕಮ್ಮಿ, ಅದರ ಫ್ಯಾನು ಏಳೋದೇ ಅಪರೂಪ. ತಿರುಗೋ ಹಾರ್ಡ್ ಡಿಸ್ಕ್ ಬೇಡ. ಎಸ್‌ಎಸ್‌ಡೀಲಿ ಅಲುಗಾಡೋ ಭಾಗವೇ ಇಲ್ಲ.

ಮೂರನೇದು ಕೇಸು. ಮುಂದೆ ಗಾಜು ಮುಚ್ಚಿದ್ರೆ ಒಳಗಿನ ಫ್ಯಾನು ಮೂಗು ಮುಚ್ಕೊಂಡು ಓಡಿದಂಗೆ. ಮುಂದೆ ಜಾಲರಿ ಇರ್ಬೇಕು, ಕೈಲಿ ತೆಗೆದು ತೊಳೆಯೋ ಧೂಳಿನ ಫಿಲ್ಟರ್ ಇರ್ಬೇಕು. ನಮ್ಮ ಕಡೆ ಮಣ್ಣಿನ ಧೂಳು, ಲಾರಿ ಧೂಳು ಎರಡೂ ಐತೆ. ಧೂಳು ಕಟ್ಟಿದ್ರೆ ಗಾಳಿ ಕಮ್ಮಿ, ಬಿಸಿ ಜಾಸ್ತಿ, ಎಂಥ ದುಬಾರಿ ಫ್ಯಾನಾದ್ರೂ ಮತ್ತೆ ಮಿಲ್ಲೇ. ತಿಂಗಳಿಗೊಂದ್ಸಲ ಮನೆ ಜೇಡ ತೆಗೆಯೋ ದಿನ ಅದನ್ನೂ ತೊಳೀತೀವಿ.

ಇಷ್ಟು ಬರ್ಕೊಂಡು ಅಮ್ಮ-ಮಗ ಇಬ್ರೂ ಬೆಂಗಳೂರಿಗೆ ಬಸ್ ಹತ್ತಿ ಎಸ್.ಪಿ. ರೋಡಿಗೆ ಹೋದೋ. ಒಂದು ಅಂಗಡಿಯೋರು, "ಅಕ್ಕಾ, ಇದೇ ರೇಟಿಗೆ ಲೈಟಿಂಗ್ ಫ್ಯಾನು ಆರು ಕೊಡ್ತೀನಿ" ಅಂದ್ರು. "ಲೈಟ್ ಮನೇಲೈತಣ್ಣಾ, ನಿದ್ದೆ ಇಲ್ಲ" ಅಂದೆ. ನಕ್ಕು, ಕೇಳಿದ್ದನ್ನೇ ತೆಗೆದು ಕೊಟ್ರು. ಕಾರ್ಡಲ್ಲಿ ಉಳಿದ ಕಾಸಲ್ಲೇ ಕೂಲರು, ಒಳ್ಳೇ ಫ್ಯಾನು, ಕೇಸು ಎಲ್ಲಾ ಬಂತು. ಆವತ್ತು ಮಗನ ಮುಖ ವಸಿ ಸಣ್ಣಗಿತ್ತು, ಸುಳ್ಳು ಹೇಳಲ್ಲ. ಅವನ ಗೆಣೆಕಾರನ ಮನೇಲಿ ದೊಡ್ಡ ಕಾರ್ಡೇ ಐತೆ. ಕೆಲವು ಹೊಸ ಆಟಗಳಲ್ಲಿ ಇವನು ಚಿತ್ರದ ಮೆರುಗು ಇಳಿಸಿ ಆಡ್ಬೇಕು. ಸದ್ದು ಇಳಿಸಿದ್ದಕ್ಕೆ ಕೊಟ್ಟ ಬೆಲೆ ಅದು. ಅದನ್ನ ಮುಚ್ಚಿಟ್ಟು ಮಕ್ಕಳಿಗೆ ಕೊಡಿಸ್ಬೇಡಿ, ಮೊದ್ಲೇ ಹೇಳಿ ಒಪ್ಪಿಸಿ.

ಹೆಡ್‌ಫೋನೂ ಬದಲಾಯ್ತು. ಹಿಂದುಗಡೆ ಜಾಲರಿ ಇರೋ, ಹೊರಗಿನ ಸದ್ದು ಒಳಗೆ ಬಿಡೋ ಅಂಥದ್ದು. ಜೋರಾಗಿಟ್ರೆ ಆಟದ ಸದ್ದು ಮೈಕಿಗೂ ಬೀಳ್ತದೆ, ಅದಕ್ಕೇ ಅವನೇ ಸಣ್ಣಗಿಟ್ಕೊಳ್ತಾನೆ. ಮುಂಚೆ ಅಂತ ಇಟ್ಟಿದ್ದ ಫ್ಯಾನ್ ಸದ್ದು ಅಳಿಸೋ ಫಿಲ್ಟರನ್ನೂ ತೆಗೆದು ಹಾಕ್ದ, ದನಿ ಈಗ ಡಬ್ಬಿ ಒಳಗಿಂದ ಬಂದಂಗಿಲ್ಲ ಅಂತ ನೋಡೋರೇ ಹೇಳಿದ್ರಂತೆ.

ಮೊನ್ನೆ ಲೈವ್ ಮಧ್ಯೆ ಅತ್ತೆ ನಡುಮನೆಯಿಂದ, "ಮಗಾ, ಒಸಿ ನೀರ್ ಕೊಡಪ್ಪಾ" ಅಂದ್ರು. ಕೂಗಲಿಲ್ಲ, ಅಂದ್ರು ಅಷ್ಟೇ. ಅವನಿಗೆ ಕೇಳಿಸ್ತು, ಎದ್ದು ಹೋದ. ಮೈಕಿಗೂ ಕೇಳಿಸಿತ್ತು. ತಿರುಗಿ ಬಂದು ನೋಡಿದ್ರೆ "ಅಜ್ಜಿ ಹೆಂಗವ್ರೆ" ಅಂತ ಐದಾರು ಜನ ಬರೆದಿದಾರೆ.

ನೀವು ಅಂಗಡಿಗೆ ಹೋಗೋ ಮುಂಚೆ ಒಂದು ಕೆಲಸ ಮಾಡಿ. ರಾತ್ರಿ ಹನ್ನೊಂದರ ಮೇಲೆ, ಕಂಪ್ಯೂಟರ್ ಇಡಬೇಕು ಅಂತಿರೋ ಜಾಗದಲ್ಲಿ ಹತ್ತು ನಿಮಿಷ ಸುಮ್ನೆ ಕೂತ್ಕೊಳ್ಳಿ. ಯಾರ ಕೆಮ್ಮು ಕೇಳಿಸ್ತದೆ, ಯಾವ ಬಾಗಿಲು ಕಿರಗುಟ್ತದೆ, ಕೂಸು ಎದ್ರೆ ಗೊತ್ತಾಯ್ತದಾ, ಎಲ್ಲಾ ಒಂದು ಚೀಟೀಲಿ ಬರ್ಕೊಳ್ಳಿ. ಕಂಪ್ಯೂಟರ್ ಬಂದ ಮೇಲೆ ಒಂದು ರಾತ್ರಿ ಆಟ ಓಡ್ತಿರುವಾಗ ಅದೇ ಚೀಟಿ ಹಿಡ್ಕೊಂಡು ಅಲ್ಲೇ ಕೂತು ನೋಡಿ. ಅದರಲ್ಲಿ ಒಂದು ಸದ್ದು ಕಾಣೆಯಾಗಿದ್ರೂ ಫ್ಯಾನಿನ ವೇಗ ಇನ್ನೊಂದು ಸ್ವಲ್ಪ ಇಳಿಸಿ.