ಅಜ್ಜಿಯ ಲೆಕ್ಕದ ಪುಸ್ತಕ

ಯುದ್ಧದ ಚರಿತ್ರೆಯೆಂದರೆ ರಾಜರು, ಸೇನಾಪತಿಗಳು ಮಾತ್ರವೇ? ಇಂಗ್ಲೆಂಡಿನ ಗೃಹಿಣಿ ನೆಲ್ಲಾ ಲಾಸ್ಟ್ 1939ರಲ್ಲಿ ದಿನಚರಿ ಬರೆಯತೊಡಗಿದರು. ರೇಷನ್ನಿನ ಅಡುಗೆ, ಸೈನ್ಯ ಸೇರಿದ ಮಗನ ಚಿಂತೆ, ಬಾಂಬು ಬಿದ್ದ ರಾತ್ರಿಗಳು ಎಲ್ಲವೂ ಅದರಲ್ಲಿವೆ. 1981ರಲ್ಲಿ ಅದು ಪುಸ್ತಕವಾಯಿತು.

ನಮ್ಮ ರಾಯಚೂರು, ಮಾನ್ವಿ, ದೇವದುರ್ಗಗಳೂ ಕಷ್ಟದ ದಿನಗಳನ್ನು ಕಂಡಿವೆ. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿತು. ವಾರದೊಳಗೆ ನಿಜಾಮರ ಸೇನೆ ಶರಣಾಯಿತು. ಆ ತಿಂಗಳು ಮನೆಯಲ್ಲಿ ಜೋಳವಿತ್ತೇ? ಸಾಲ ಕೊಟ್ಟವರು, ಆಶ್ರಯವಿತ್ತ ನೆರೆಯವರು ಯಾರು? ಯಾರು ಮರಳಿ ಬರಲಿಲ್ಲ? ಇದನ್ನು ಸರಕಾರಿ ದಾಖಲೆ ಹೇಳುವುದಿಲ್ಲ. ಮನೆಯ ಹೆಂಗಸರು ಬರೆದಿಟ್ಟ ಖರ್ಚಿನ ಪುಸ್ತಕ, ಕಾಗದಪತ್ರಗಳು ಹೇಳಬಲ್ಲವು.

ಆದರೆ ಉರ್ದು ಬಾರದ ಮೊಮ್ಮಕ್ಕಳಿಗೆ ಅವು ಬರೀ ರದ್ದಿ. ಸಹೋದರಿಯರೇ, ಹಳೆಯ ಟ್ರಂಕನ್ನು ಒಮ್ಮೆ ತೆರೆಯಿರಿ. ಫಸಲಿ ವರ್ಷ ಕಂಡರೆ 590 ಕೂಡಿಸಿ, ಹೆಚ್ಚುಕಡಿಮೆ ಇಸವಿ ಸಿಗುತ್ತದೆ. ಹಾಲಿ ಸಿಕ್ಕಾ ಎಂದಿದ್ದರೆ ಅದು ನಿಜಾಮರ ನಾಣ್ಯ. ಅದರ 7 ರೂಪಾಯಿ ಬ್ರಿಟಿಷರ 6 ರೂಪಾಯಿಗೆ ಸಮ. ಉರ್ದು ಬಲ್ಲ ಹಿರಿಯರಿಂದ ಓದಿಸಿ, ಕನ್ನಡದಲ್ಲಿ ಬರೆದಿಡಿ. ಓದಿ ಹೇಳುವವರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ.