ತುರಿದಿಟ್ಟ ಕಾಯಿ, ಓದಿಟ್ಟ ಹೆಡರು

ಮದುವೆಯ ಮನೆಯಲ್ಲಿ ಹುಳಿ, ಪಲ್ಯ, ಕೋಸಂಬರಿ ಎಲ್ಲಕ್ಕೂ ತೆಂಗಿನಕಾಯಿ ಬೇಕು. ಬಾಣಸಿಗನು ಒಂದೊಂದಕ್ಕೂ ಬೇರೆಬೇರೆಯಾಗಿ ಕಾಯಿ ತುರಿಯುತ್ತ ಕುಳಿತರೆ ಊಟದ ಹೊತ್ತು ಮೀರುವುದು ನಿಶ್ಚಯ. ಆದುದರಿಂದ ಅವನು ಒಮ್ಮೆಗೇ ತುರಿದಿಟ್ಟುಕೊಳ್ಳುತ್ತಾನೆ. ಗಣಕದ ಪ್ರೋಗ್ರಾಮುಗಳನ್ನು ಕಟ್ಟುವವರಿಗೂ ಇಂತಹದೇ ಒಂದು ಉಪಾಯವುಂಟು.

ಸಿ ಪ್ಲಸ್ ಪ್ಲಸ್ ಭಾಷೆಯ ದೊಡ್ಡ ಪ್ರೋಗ್ರಾಮು ನೂರಾರು ಕಡತಗಳಲ್ಲಿ ಹಂಚಿಕೊಂಡಿರುತ್ತದೆ. ಪ್ರತಿಯೊಂದರ ತಲೆಯಲ್ಲಿಯೂ ‘ಇಂತಿಂತಹ ಹೆಡರ್ ಕಡತಗಳನ್ನು ಇಲ್ಲಿ ಸೇರಿಸು’ ಎಂಬ ಆಜ್ಞೆಗಳಿರುವುವು. ನಾವು ಐದೇ ಸಾಲು ಬರೆದು, ‘ಐಒಸ್ಟ್ರೀಮ್’ ಎಂಬ ಒಂದೇ ಹೆಡರನ್ನು ಕರೆದರೂ, ಅದರ ಬೆನ್ನಿಗೆ ಕಂಪೈಲರು ಓದಬೇಕಾದ ಸಾಲುಗಳು ಹತ್ತಾರು ಸಾವಿರ. ನೂರು ಕಡತಗಳು ಅದನ್ನು ಕರೆದರೆ ಈ ಓದೂ ನೂರು ಸಲ! ಹೆಡರುಗಳನ್ನು ಒಮ್ಮೆ ಓದಿಸಿ, ಕಂಪೈಲರು ಅರ್ಥಮಾಡಿಕೊಂಡ ರೂಪದಲ್ಲಿಯೇ ಕಾದಿರಿಸಿದರೆ ಈ ವ್ಯರ್ಥಶ್ರಮ ತಪ್ಪುತ್ತದೆ.

ಜಿಸಿಸಿ ಕಂಪೈಲರಿಗೆ ಈ ಸೌಲಭ್ಯ ಬಂದುದು 2004ರಲ್ಲಿ. ಆದರೆ ಅದರ ಕಟ್ಟಳೆಗಳು ಬಿಗಿಯಾದವು. ಒಂದು ಸಂಕಲನಕ್ಕೆ ಇಂತಹ ಒಂದೇ ಹೆಡರು ಸಲ್ಲುತ್ತದೆ. ಅದು ಎಲ್ಲಕ್ಕಿಂತ ಮೊದಲು ಬರಬೇಕು. ಸಿದ್ಧಪಡಿಸುವಾಗಿನ ಆಯ್ಕೆಗಳಿಗೂ ಬಳಸುವಾಗಿನ ಆಯ್ಕೆಗಳಿಗೂ ಹೊಂದಿಕೆಯಿರಬೇಕು. ಇಷ್ಟನ್ನೂ ಮನುಷ್ಯನು ನೆನಪಿಟ್ಟು ನಡೆಸುವುದಕ್ಕಿಂತ, ಯಾವ ಕಡತವನ್ನು ಯಾವಾಗ ಕಟ್ಟಬೇಕೆಂದು ನಿರ್ಧರಿಸುವ ವ್ಯವಸ್ಥೆಗೇ ಒಪ್ಪಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ. 2000ದಲ್ಲಿ ಪ್ರಾರಂಭವಾದ ಸಿಮೇಕ್ ಈ ಹೊಣೆಯನ್ನು ತಾನೇ ಹೊತ್ತುಕೊಂಡುದು 2019ರಲ್ಲಿ, ತನ್ನ 3.16ನೆಯ ಆವೃತ್ತಿಯಲ್ಲಿ. ತಡವಾದರೂ ಇದು ಸ್ವಾಗತಾರ್ಹ.

ಆದರೂ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಬಿಡಲಾರೆವು. ಸಿಮೇಕ್ ಈ ಹೆಡರನ್ನು ಪ್ರತಿ ಕಡತದ ಮುಂದೆಯೂ ತಾನಾಗಿಯೇ ಇಡುತ್ತದೆ. ಹೀಗಾಗಿ, ತನಗೆ ಬೇಕಾದುದನ್ನು ಕೇಳಲು ಮರೆತ ಕಡತವೂ ಸರಾಗವಾಗಿ ಪಾಸಾಗುತ್ತದೆ! ಸೌಲಭ್ಯವಿಲ್ಲದ ಕಡೆಗೆ ಅದನ್ನು ಒಯ್ದ ದಿನ ಗುಟ್ಟು ರಟ್ಟಾಗುತ್ತದೆ. ಅಲ್ಲದೆ, ತುರಿದಿಟ್ಟ ಕಾಯಿ ಹಳಸಿದರೆ ಎಲ್ಲ ಅಡುಗೆಯನ್ನೂ ಹೊಸದಾಗಿ ಮಾಡಬೇಕಾದಂತೆ, ಕಾದಿರಿಸಿದ ಒಂದು ಹೆಡರು ಬದಲಾದರೆ ಅದನ್ನು ಆಶ್ರಯಿಸಿದ ಎಲ್ಲ ಕಡತಗಳನ್ನೂ ಮತ್ತೆ ಕಟ್ಟಬೇಕು.

ಆದುದರಿಂದ ವಿದ್ಯಾರ್ಥಿಗಳು ಮೂರು ಸಂಗತಿಗಳನ್ನು ರೂಢಿಸಿಕೊಳ್ಳಲಿ. ಅಪರೂಪಕ್ಕೆ ಬದಲಾಗುವ ಹೆಡರುಗಳನ್ನು ಮಾತ್ರ ಕಾದಿರಿಸಬೇಕು. ಪ್ರತಿ ಕಡತವೂ ತನ್ನ ಅಗತ್ಯವನ್ನು ತಾನೇ ಬರೆದುಕೊಂಡಿರಬೇಕು. ಆಗಾಗ ಈ ಸೌಲಭ್ಯವನ್ನು ನಿಲ್ಲಿಸಿ ಪ್ರೋಗ್ರಾಮನ್ನು ಕಟ್ಟಿ ನೋಡಬೇಕು. ಸಿಮೇಕ್‌ನಲ್ಲಿ ಅದಕ್ಕೂ ಏರ್ಪಾಡುಂಟು. ಯಂತ್ರವು ನಮ್ಮ ಹೊತ್ತನ್ನು ಉಳಿಸಲಿ. ನಮ್ಮ ಬರಹ ಯಾವುದನ್ನು ಆಧರಿಸಿ ನಿಂತಿದೆಯೆಂಬ ಅರಿವನ್ನು ಮಾತ್ರ ನಾವು ಅದಕ್ಕೆ ಒಪ್ಪಿಸಬಾರದು.