ಕಡಲ ಮರಿಮೀನಿಗೆ ಮೊದಲ ತುತ್ತು

ಮಳೆಗಾಲ ಹಿಡಿಯಿತೆಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಪಾಚಿ ಹತ್ತದ ಜಾಗವೇ ಇರುವುದಿಲ್ಲ. ಹಂಚಿನ ಮಾಡು, ಪಾಗಾರ, ಅಡಿಕೆ ಮರದ ಬುಡ ಎಲ್ಲವೂ ಹಸಿರು. ಉಗುರಿನಗಲದ ಪಾಚಿಯನ್ನು ಕಿತ್ತು, ಬಾವಿಯ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಹಿಂಡಿದ ನೀರಿನ ಒಂದು ಹನಿಯನ್ನು ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೂರು ಪಟ್ಟು ಹಿಗ್ಗಿಸಿ ನೋಡಿದರೆ ಒಂದು ವಿಚಿತ್ರ ಪ್ರಾಣಿ ಕಾಣುವ ಸಂಭವ ಹೆಚ್ಚು. ಅದು ಥೇಟ್ ಇಂಬಳದ ಹಾಗೆಯೇ ಮೈ ಚಾಚಿ, ಮುದುಡಿ ನಡೆಯುತ್ತದೆ. ಸ್ವಲ್ಪ ತಾಳ್ಮೆಯಿಂದ ಕಾದರೆ ಒಂದೆಡೆ ಕಾಲೂರಿ ನಿಂತು, ತಲೆಯಿಂದ ಎರಡು ಚಕ್ರಗಳನ್ನು ಹೊರಚಾಚಿ ಗಿರ್ರನೆ ತಿರುಗಿಸತೊಡಗುತ್ತದೆ. ನಿಜಕ್ಕೂ ಚಕ್ರ ತಿರುಗುವುದಿಲ್ಲ. ಅಂಚಿನ ಸೂಕ್ಷ್ಮ ರೋಮಗಳು ಒಂದರ ಹಿಂದೊಂದು ಬಡಿಯುವುದರಿಂದ ಕಣ್ಣಿಗೆ ಹಾಗೆ ತೋರುತ್ತದೆ. ಆ ಸುಳಿಯಲ್ಲಿ ಸಿಕ್ಕಿದ ಕಣಗಳೇ ಅದರ ಊಟ. ಇದು ರೋಟಿಫರ್, ಅಂದರೆ ಚಕ್ರಧಾರಿ. ಹಾಲೆಂಡಿನ ಲೇವನ್‌ಹುಕ್ 1702ರಲ್ಲಿ ತನ್ನ ಮನೆಯ ಮಾಡಿನ ದೋಣಿಯಲ್ಲಿ ಒಣಗಿದ್ದ ಮಣ್ಣಿಗೆ ನೀರು ಹಾಕಿ, ಇಂಥವೇ ಪ್ರಾಣಿಗಳು ಮತ್ತೆ ಚಲಿಸತೊಡಗಿದ್ದನ್ನು ಕಂಡು ಬೆರಗಾಗಿದ್ದ.

ಇದೇ ಬಳಗದ ಇನ್ನೊಂದು ಜೀವಿ ಉಪ್ಪುನೀರಿನಲ್ಲಿದೆ. ಅದರ ಹೆಸರು ಬ್ರಾಕಿಯೋನಸ್. ಪುಟ್ಟ ತಂಬಿಗೆಗೆ ಬಾಲ ಕಟ್ಟಿದಂತೆ ಕಾಣುವ ಇದರ ಉದ್ದ ಒಂದು ಮಿಲಿಮೀಟರಿನ ಹತ್ತನೇ ಒಂದರಿಂದ ಮೂರು ಭಾಗ. ಕಡಲ ಮೀನು ಸಾಕುವವರ ಭವಿಷ್ಯ ನಿಂತಿರುವುದು ಇದರ ಮೇಲೆ.

ಕಾರಣವಿದೆ. ಕೋಬಿಯಾದಂಥ ಕಡಲ ಮೀನಿನ ಮರಿ ಮೊಟ್ಟೆಯೊಡೆದು ಬಂದಾಗ ಸುಮಾರು ಮೂರು ಮಿಲಿಮೀಟರ್ ಉದ್ದ. ಬಾಯಿ ಇನ್ನೂ ತೆರೆದಿರುವುದಿಲ್ಲ. ಹೊಟ್ಟೆಗೆ ಅಂಟಿದ ಭಂಡಾರವೇ ಬುತ್ತಿ. ಮೂರನೆಯ ದಿನದ ಹೊತ್ತಿಗೆ ಬಾಯಿ ತೆರೆಯುತ್ತದೆ, ಅಷ್ಟರಲ್ಲಿ ಬುತ್ತಿಯೂ ಮುಗಿಯುತ್ತ ಬಂದಿರುತ್ತದೆ. ಆಗ ತುತ್ತು ಸಿಗದಿದ್ದರೆ ಲಕ್ಷ ಮರಿಗಳಿದ್ದರೂ ಒಂದೆರಡು ದಿನದಲ್ಲಿ ತೊಟ್ಟಿ ಖಾಲಿ. ಪುಡಿ ಆಹಾರ ಹಾಕಬಾರದೇಕೆ? ಮರಿಯ ಕಣ್ಣು ಹಿಡಿಯುವುದು ಚಲಿಸುವ ವಸ್ತುವನ್ನು. ಪುಡಿ ತಳಕ್ಕಿಳಿದು ಕೊಳೆಯುತ್ತದೆ. ಜಠರವೂ ಬಲಿತಿರುವುದಿಲ್ಲ.

ಶೃಂಗೇರಿಯ ತುಂಗೆಯಲ್ಲಿ ಭಕ್ತರ ಮಂಡಕ್ಕಿಗೆ ಮುತ್ತಿಕೊಳ್ಳುವ ದೊಡ್ಡ ಮೀನುಗಳೂ ಮರಿಯಾಗಿದ್ದಾಗ ಇಂಥ ಸೂಕ್ಷ್ಮಜೀವಿಗಳನ್ನು ತಿಂದೇ ಬೆಳೆದವು. ಕಾಟ್ಲಾ, ರೋಹು ಮರಿಗಳಿಗಂತೂ ಕೊಳಕ್ಕೆ ಸಗಣಿ ಗೊಬ್ಬರ ಹಾಕಿದರೆ ಊಟ ತಾನಾಗಿ ಹುಟ್ಟುತ್ತದೆ. ಕಡಲ ಮರಿಗಳನ್ನು ಸಾಕುವ ತೊಟ್ಟಿಗೆ ಈ ಸುಲಭದ ದಾರಿಯಿಲ್ಲ. ಬೇಕಾದ ರೋಟಿಫರನ್ನು ಬೇರೆಯಾಗಿಯೇ ಬೆಳೆಸಬೇಕು.

ಜಪಾನಿನಲ್ಲಿ ಹಾವುಮೀನಿನ ಕೊಳಗಳಿಗೆ ಬ್ರಾಕಿಯೋನಸ್ ಒಂದು ಉಪದ್ರವವೇ ಆಗಿತ್ತು. 1960ರಲ್ಲಿ ತಕಾಶಿ ಇಟೊ ಎಂಬ ವಿಜ್ಞಾನಿ ಅದನ್ನೇ ಮರಿಗಳ ಆಹಾರವಾಗಿಸಬಹುದೆಂದು ತೋರಿಸಿದರು. ಅದನ್ನು ಬೆಳೆಸಲು ಮೊದಲು ಅದರ ಆಹಾರ, ಅಂದರೆ ಕೆಲವೇ ಮೈಕ್ರಾನಿನ ನ್ಯಾನೋಕ್ಲೋರಾಪ್ಸಿಸ್‌ನಂಥ ಹಸಿರು ಶೈವಲ ಬೇಕು. ಹಿಂದೆ ಅಗ್ಗವೆಂದು ಬೇಕರಿಯ ಯೀಸ್ಟ್ ಹಾಕಿ ಬೆಳೆಸಿದ್ದೂ ಉಂಟು. ರೋಟಿಫರ್ ರಾಶಿರಾಶಿಯಾಗಿ ಬೆಳೆಯಿತು, ಅದನ್ನು ತಿಂದ ಮರಿಗಳು ಮಾತ್ರ ಸತ್ತವು! ಯೀಸ್ಟಿನಲ್ಲಿ ಕಡಲ ಮರಿಗೆ ಬೇಕಾದ ಡಿಎಚ್‌ಎ, ಇಪಿಎ ಎಂಬ ಕೊಬ್ಬಿನಾಮ್ಲಗಳಿಲ್ಲ. ರೋಟಿಫರ್ ಬರೀ ಚೀಲವಿದ್ದಂತೆ, ಅದಕ್ಕೆ ತುಂಬಿದ್ದೇ ಮೀನಿಗೆ ಸಿಗುವುದು.

ಲೆಕ್ಕ ನೋಡಿ. ತೊಟ್ಟಿಯ ಪ್ರತಿ ಮಿಲಿಲೀಟರಿನಲ್ಲಿ ಹತ್ತು ರೋಟಿಫರ್ ಇರಬೇಕೆಂದರೆ ಸಾವಿರ ಲೀಟರಿಗೆ ಒಂದು ಕೋಟಿ. ಮರಿಗಳು ತಿಂದಷ್ಟನ್ನೂ ದಿನದಿನ ತುಂಬಬೇಕು. ಹೆಣ್ಣು ರೋಟಿಫರ್ ಗಂಡಿನ ನೆರವಿಲ್ಲದೆ ಮೊಟ್ಟೆಯಿಡುವುದರಿಂದಲೇ ಇದು ಸಾಧ್ಯ. 25 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದರ ಆಯುಸ್ಸು ಸುಮಾರು ನಾಲ್ಕು ದಿನವಷ್ಟೆ; ಆದರೆ ಪ್ರಾಯಕ್ಕೆ ಬಂದ ಮೇಲೆ ನಾಲ್ಕು ಗಂಟೆಗೊಂದು ಮೊಟ್ಟೆ!

ಇಷ್ಟು ವೇಗವಾಗಿ ಏರುವುದು ಅಷ್ಟೇ ವೇಗವಾಗಿ ಕುಸಿಯಲೂಬಹುದು. ನಿನ್ನೆ ತುಂಬಿ ತುಳುಕುತ್ತಿದ್ದ ತೊಟ್ಟಿ ಇವತ್ತು ಬರಿದು. ಆದ್ದರಿಂದ ಪ್ರತಿದಿನ ಒಂದು ಮಿಲಿಲೀಟರ್ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು. ಎಷ್ಟಿವೆ ಎಂಬ ಎಣಿಕೆಗಿಂತ ಮುಖ್ಯವಾದದ್ದು, ಎಷ್ಟರ ಹಿಂಬದಿಗೆ ಮೊಟ್ಟೆ ಅಂಟಿಕೊಂಡಿದೆ ಎಂಬುದು. ಸುಮಾರು ಮೂರನೇ ಒಂದು ಪಾಲು ಮೊಟ್ಟೆ ಹೊತ್ತಿದ್ದರೆ ಚಿಂತೆಯಿಲ್ಲ. ಸಂಖ್ಯೆ ಹಾಗೇ ಇದ್ದು ಮೊಟ್ಟೆ ಮಾತ್ರ ಕಡಿಮೆಯಾದರೆ ಕುಸಿತ ಹತ್ತಿರ. ಪ್ಯಾರಮೀಸಿಯಂ ಬಳಗದ ರೋಮಜೀವಿಗಳು ಹೆಚ್ಚಿದ್ದರೆ ನೀರು ಕೆಟ್ಟಿದೆ ಎಂದೇ ತಿಳಿಯಬೇಕು. ಮರಿ ಬೆಳೆದಂತೆ ದೊಡ್ಡ ತುತ್ತು ಬೇಕಾಗಿ, ಆರ್ಟೀಮಿಯಾ ಎಂಬ ಉಪ್ಪುನೀರಿನ ಸಿಗಡಿಯ ಮರಿಗಳ ಸರದಿ ಬರುತ್ತದೆ.

ತಮಿಳುನಾಡಿನ ಮಂಡಪಂನಲ್ಲಿ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು 2010ರಲ್ಲಿ ಭಾರತದಲ್ಲೇ ಮೊದಲಿಗೆ ಕೋಬಿಯಾ ಮರಿ ಬೆಳೆಸಿದ್ದು ಈ ಕ್ರಮದಿಂದಲೇ. ಕಾರವಾರದ ಸಮುದ್ರದಲ್ಲಿ ಪಂಜರ ಕಟ್ಟಿ ಮೀನು ಸಾಕುವುದಕ್ಕೂ ಮರಿ ಬೇಕಷ್ಟೆ. ಇದನ್ನು ಓದಬಯಸುವವರಿಗೆ 1969ರಿಂದ ಮಂಗಳೂರಿನಲ್ಲಿ ಮೀನುಗಾರಿಕೆ ಕಾಲೇಜಿದೆ. ಪಿಯುಸಿ ವಿಜ್ಞಾನದ ನಂತರ ನಾಲ್ಕು ವರ್ಷ.

ಎಣಿಕೆಯ ಅಭ್ಯಾಸಕ್ಕೆ ಮಾತ್ರ ಘಾಟಿ ಇಳಿಯಬೇಕಾಗಿಲ್ಲ. ಹಲವು ಶಾಲೆಗಳಲ್ಲಿ ಸೂಕ್ಷ್ಮದರ್ಶಕ ಬೀರುವಿನಲ್ಲೇ ಉಳಿದಿರುತ್ತದೆ, ಕೇಳಿದರೆ ಹೊರಗೆ ಬಂದೀತು. ಪಾಚಿಯ ನೀರನ್ನು ಮೊದಲು ಜೀವಂತವಾಗಿ ನೋಡಿ. ಬಳಿಕ ಪಿಷ್ಟದ ಪರೀಕ್ಷೆಗೆ ಬಳಸುವ ಅಯೋಡಿನ್ ಸ್ವಲ್ಪ ಬೆರೆಸಿದರೆ ಪ್ರಾಣಿಗಳು ನಿಶ್ಚಲವಾಗಿ, ಬಣ್ಣ ಹಿಡಿದು ನಿಲ್ಲುತ್ತವೆ. ಹನಿಗೊಳವೆಯಿಂದ ಐದು ಹನಿಗಳನ್ನು ಒಂದೊಂದಾಗಿ ಇಟ್ಟು ಎಣಿಸಿ, ಸರಾಸರಿಯನ್ನು ಇಪ್ಪತ್ತರಿಂದ ಗುಣಿಸಿದರೆ ಒಂದು ಮಿಲಿಲೀಟರಿನ ಅಂದಾಜು ಲೆಕ್ಕ ಸಿಗುತ್ತದೆ. ಐದು ಹನಿಗಳಲ್ಲಿ ಒಂದೊಂದರ ಎಣಿಕೆಯೂ ಬೇರೆಬೇರೆ ಬಂದರೆ ಗಾಬರಿಯಾಗಬೇಡಿ, ಹತ್ತು ಹನಿ ಎಣಿಸಿ.